ಗಡಿಯಲ್ಲಿ ಇಂಗಾಲದ ಬೆಲೆ: ಒಂದು ವಿಮರ್ಶೆ

ಐರೋಪ್ಯ ಒಕ್ಕೂಟವು 2023ರಲ್ಲಿ ಶಾಸನವಾಗಿ ಅಂಗೀಕರಿಸಿದ ಗಡಿ ಇಂಗಾಲ ಹೊಂದಾಣಿಕೆ ವ್ಯವಸ್ಥೆಯು ಅದೇ ವರ್ಷದ ಅಕ್ಟೋಬರ್ 1ರಿಂದ ಲೆಕ್ಕಪತ್ರದ ಮಟ್ಟಿಗೂ, 2026ರ ಜನವರಿ 1ರಿಂದ ಹಣದ ಹೊಣೆಯೊಡನೆಯೂ ಜಾರಿಗೆ ಬಂದಿದೆ. ಅದನ್ನು ಕುರಿತು ನಮ್ಮ ದೇಶದಲ್ಲಿ ನಡೆದಿರುವ ಚರ್ಚೆ ವಿಪುಲವಾಗಿದ್ದರೂ ಅದರ ಬಹುಭಾಗ ಹೆಸರಿನ ಸುತ್ತಲೇ ಸುತ್ತಿದೆ. ಒಕ್ಕೂಟದವರು ಇದು ಸುಂಕವಲ್ಲ, ಹೊಂದಾಣಿಕೆ ಎನ್ನುತ್ತಾರೆ. ನಮ್ಮವರು ಇದು ಮುಸುಕು ಹಾಕಿದ ಸುಂಕವೇ ಸರಿ ಎನ್ನುತ್ತಾರೆ. ಹೆಸರು ಯಾವುದಾದರೂ ಆಗಲಿ. ಹಣ ತೆರುವವರು ಯಾರು, ಅದು ಸೇರುವುದು ಯಾರ ಬೊಕ್ಕಸಕ್ಕೆ ಎಂಬ ಎರಡು ಪ್ರಶ್ನೆಗಳನ್ನು ಹಿಡಿದು ಈ ವಾದಗಳನ್ನು ಪರೀಕ್ಷಿಸಬೇಕೆಂದು ನಾವು ಭಾವಿಸುತ್ತೇವೆ.

ವ್ಯವಸ್ಥೆಯ ತಿರುಳು ಸರಳವಾದದ್ದು. ಒಕ್ಕೂಟದೊಳಗಿನ ಕಾರ್ಖಾನೆಗಳು 2005ರಿಂದಲೂ ತಾವು ಹೊರಬಿಡುವ ಇಂಗಾಲದ ಡೈಆಕ್ಸೈಡಿಗೆ ಪರವಾನಗಿ ಪತ್ರಗಳನ್ನು ಒಪ್ಪಿಸಬೇಕಾಗಿದೆ. 2025ರಲ್ಲಿ ಅವುಗಳ ಬೆಲೆ ಬಹುಮಟ್ಟಿಗೆ ಟನ್ನಿಗೆ 60ರಿಂದ 80 ಯೂರೊಗಳ ನಡುವೆ ಇತ್ತು. ಈಗ ಹೊರಗಿನಿಂದ ಬರುವ ಕಬ್ಬಿಣ-ಉಕ್ಕು, ಅಲ್ಯೂಮಿನಿಯಂ, ಸಿಮೆಂಟು, ರಸಗೊಬ್ಬರ, ವಿದ್ಯುತ್ತು, ಹೈಡ್ರೊಜನ್ನುಗಳ ಆಮದುದಾರನೂ ಅದೇ ಬೆಲೆಯನ್ನು ತೆರಬೇಕು. ಕಾನೂನಿನಲ್ಲಿ ತೆರುವವನು ಆಮದುದಾರ. ವ್ಯವಹಾರದಲ್ಲಿ ಅವನು ಆ ಭಾರವನ್ನು ಸಾಧ್ಯವಾದಷ್ಟೂ ಮಾರಾಟಗಾರನ ಬೆಲೆಯಿಂದ ಕಳೆಯುತ್ತಾನೆ.

ಒಂದೇ ಪೇಟೆಯಲ್ಲಿ ಒಂದೇ ಹೊಗೆಗೆ ಒಂದೇ ಬೆಲೆ ಎಂಬ ಐರೋಪ್ಯ ವಾದ ಮೇಲುನೋಟಕ್ಕೆ ನ್ಯಾಯವಾಗಿಯೇ ತೋರುತ್ತದೆ. ಅದರ ದೌರ್ಬಲ್ಯ ಕಾಣಬೇಕಾದರೆ ಉಕ್ಕು ಹೇಗೆ ತಯಾರಾಗುತ್ತದೆಂಬುದನ್ನು ನೋಡಬೇಕು. ಅದಿರನ್ನು ಕೋಕಿನೊಡನೆ ಊದುಕುಲುಮೆಯಲ್ಲಿ ಕರಗಿಸಿ ಮಾಡಿದ ಒಂದು ಟನ್ನು ಉಕ್ಕಿಗೆ ಎರಡು ಟನ್ನಿಗೂ ಮಿಕ್ಕಿ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಗುಜರಿ ಕಬ್ಬಿಣವನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿದರೆ ಸುಮಾರು ಅದರ ಮೂರರಲ್ಲೊಂದು ಭಾಗ. ಆದರೆ ಗುಜರಿ ಎಂಬುದು ಗಣಿಯಲ್ಲಿ ದೊರೆಯುವ ವಸ್ತುವಲ್ಲ. ಹಿಂದಿನ ತಲೆಮಾರುಗಳು ಕಟ್ಟಿದ ಸೇತುವೆ, ಹಡಗು, ರೈಲುಹಳಿಗಳ ಅವಶೇಷ. ನೂರೈವತ್ತು ವರ್ಷ ಉಕ್ಕನ್ನು ಬಳಸಿದ ಭೂಖಂಡಕ್ಕೆ ಅದು ಪಿತ್ರಾರ್ಜಿತ ಆಸ್ತಿ. ಆ ಆಸ್ತಿಯನ್ನು ಗಳಿಸಿದ ಕಾಲದ ಹೊಗೆಗೆ ಯಾರೂ ಬೆಲೆ ಕೊಡಲಿಲ್ಲ. ಈಗ ಕಟ್ಟಲಾರಂಭಿಸಿರುವ ದೇಶಕ್ಕೆ ಅದಿರಿನ ದಾರಿಯೇ ಗತಿ.

ನಮ್ಮ ನಾಡಿನ ಎರಡು ಊರುಗಳು ಇದಕ್ಕೆ ನಿದರ್ಶನ. ಭದ್ರಾವತಿಯ ಕಾರ್ಖಾನೆ 1923ರಲ್ಲಿ ಕೆಲಸ ಮೊದಲುಮಾಡಿದಾಗ ಹತ್ತಿರದಲ್ಲಿ ಕಲ್ಲಿದ್ದಲಿರಲಿಲ್ಲ. ಮಲೆನಾಡಿನ ಸೌದೆಯನ್ನು ಸುಟ್ಟ ಇದ್ದಲೇ ಅದರ ಇಂಧನವಾಯಿತು. ಸೌದೆ ವಿರಳವಾಗುತ್ತ ಬಂದು, ಜೋಗದ ವಿದ್ಯುತ್ತು ದೊರೆತ ಮೇಲೆ, 1950ರ ದಶಕದಲ್ಲಿ ಅಲ್ಲಿ ವಿದ್ಯುತ್ ಕುಲುಮೆಗಳು ಬಂದವು. ಇಂದಿನ ತೋರಣಗಲ್ಲಿನಲ್ಲಿ ಅದಿರು ಕೈಯಳತೆಯಲ್ಲಿದೆ, ಕೋಕಿಗೆ ಬೇಕಾದ ಕಲ್ಲಿದ್ದಲು ಮಾತ್ರ ಬಹುಮಟ್ಟಿಗೆ ಹಡಗಿನಲ್ಲಿ ವಿದೇಶದಿಂದ ಬರಬೇಕು. ಯಾವ ಇಂಧನವೆಂಬುದು ಉದ್ಯಮಿಯ ಸದ್ಗುಣ ದುರ್ಗುಣಗಳ ಪ್ರಶ್ನೆಯಲ್ಲ. ಶಾಸನ ಕೊಡುವ ರಿಯಾಯತಿಯೂ ಈ ಭೇದವನ್ನು ಎಣಿಸುವುದಿಲ್ಲ: ಒಕ್ಕೂಟದ ಮಾನದಂಡದವರೆಗಿನ ಹೊಗೆಗೆ 2026ರಲ್ಲಿ ಶೇಕಡ 2.5ರಷ್ಟು ಮಾತ್ರ ಹೊಣೆಯಿದ್ದು ಅದು 2034ಕ್ಕೆ ಪೂರ್ಣವಾಗುತ್ತದೆ. ಮಾನದಂಡವನ್ನು ಮೀರಿದ ಹೊಗೆಗಾದರೋ ಮೊದಲ ವರ್ಷದಿಂದಲೇ ಪೂರ್ತಿ ಬೆಲೆ. ಮೀರುವವರಲ್ಲಿ ಹೆಚ್ಚಿನವರು ಯಾರೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ಪಕ್ಷದ ವಾದ. 1992ರ ಹವಾಮಾನ ಒಪ್ಪಂದದಲ್ಲಿ ಹೊಣೆ ಎಲ್ಲರದಾದರೂ ಸಮನಲ್ಲವೆಂಬ ತತ್ತ್ವವನ್ನು ಒಪ್ಪಿದ ರಾಷ್ಟ್ರಗಳೇ ಈಗ ಸಮನಾದ ಬೆಲೆ ಕೇಳುವುದು ಅಸಂಗತ ಎಂಬುದು ಅದರ ಸಾರ. ಐರೋಪ್ಯನ ತಲಾ ಹೊಗೆ ಇಂದಿಗೂ ಭಾರತೀಯನದರ ಎರಡು ಪಟ್ಟಿಗೂ ಹೆಚ್ಚಾಗಿರುವಾಗ ಈ ಆಕ್ಷೇಪ ಸಾಧುವಾದದ್ದೇ. ಆದರೆ ಆಕ್ಷೇಪ ಸಾಧುವಾದ ಮಾತ್ರಕ್ಕೆ ನೀತಿ ಸಿದ್ಧವಾಗುವುದಿಲ್ಲ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವುದರಲ್ಲಿ ನಾವು ಕಳೆದ ಕಾಲ ಸಾಕಷ್ಟಾಯಿತು.

ಅದೇ ಶಾಸನ ಇನ್ನೊಂದು ಬಾಗಿಲನ್ನು ತೆರೆದಿಟ್ಟಿದೆ. ಉತ್ಪಾದಿಸಿದ ದೇಶದಲ್ಲಿಯೇ ಇಂಗಾಲಕ್ಕೆ ವಾಸ್ತವವಾಗಿ ತೆತ್ತ ಬೆಲೆಯನ್ನು ಗಡಿಯಲ್ಲಿ ವಜಾ ಮಾಡಿಕೊಡಬೇಕೆಂಬುದು ಅದರ ನಿಯಮ. ಎಂದರೆ ದೆಹಲಿ ವಸೂಲು ಮಾಡದೆ ಬಿಟ್ಟದ್ದು ಯೂರೋಪಿನ ಬೊಕ್ಕಸಕ್ಕೆ ಸೇರುತ್ತದೆ. ಇಲ್ಲಿ ನಮ್ಮ ದಾಖಲೆ ಹೆಮ್ಮೆಪಡುವಂತಹುದಲ್ಲ. 2010ರಲ್ಲಿ ಶುದ್ಧ ಶಕ್ತಿಯ ಹೆಸರಿನಲ್ಲಿ ಕಲ್ಲಿದ್ದಲಿಗೆ ಟನ್ನಿಗೆ 50 ರೂಪಾಯಿ ಉಪಕರ ಹಾಕಿ 2016ರ ವೇಳೆಗೆ ಅದನ್ನು 400 ರೂಪಾಯಿಗೆ ಏರಿಸಲಾಯಿತು. ಒಂದು ಟನ್ನು ಕಲ್ಲಿದ್ದಲು ಸುಮಾರು ಒಂದೂವರೆ ಟನ್ನು ಇಂಗಾಲದ ಡೈಆಕ್ಸೈಡನ್ನು ಕೊಡುತ್ತದೆಂದರೆ, ಹೊಗೆಯ ಟನ್ನಿಗೆ ಬಿದ್ದದ್ದು 300 ರೂಪಾಯಿಗೂ ಕಡಮೆ. ಯೂರೋಪಿನ ಬೆಲೆ 5,000ಕ್ಕೂ ಮೇಲು. ಅಲ್ಪವಾದರೂ ಅದೊಂದು ಆಧಾರವಾಗಿತ್ತು. 2017ರಲ್ಲಿ ಆ ಹಣ ಸರಕು ಸೇವಾ ತೆರಿಗೆಯಿಂದ ರಾಜ್ಯಗಳಿಗಾದ ನಷ್ಟವನ್ನು ತುಂಬುವುದಕ್ಕೆ ಹೋಯಿತು. 2025ರ ಸೆಪ್ಟೆಂಬರಿನಲ್ಲಿ ಉಪಕರವೇ ನಿಂತಿತು. 2023ರಲ್ಲಿ ಪ್ರಕಟವಾದ ಇಂಗಾಲ ಪತ್ರಗಳ ವಿನಿಮಯ ಯೋಜನೆ ಇದೆಯೆನ್ನಬಹುದು. ಅದು ಗುರಿಯನ್ನು ಮೀರಿದ ಹೊಗೆಯನ್ನಷ್ಟೇ ಲೆಕ್ಕಕ್ಕೆ ತರುವುದರಿಂದ ವಜಾಕ್ಕೆ ದೊರೆಯುವ ಮೊತ್ತ ಚಿಕ್ಕದು.

ಹಾಗಾದರೆ ಯೂರೋಪಿನ ಬೆಲೆಯನ್ನೇ ಇಲ್ಲಿಯೂ ಹಾಕಬೇಕೆಂದು ನಮ್ಮ ಮತವೆ? ಅಲ್ಲ. ಒಕ್ಕೂಟಕ್ಕೆ ಹೋಗುವ ಉಕ್ಕು ನಮ್ಮ ಉತ್ಪಾದನೆಯ ಚಿಕ್ಕ ಪಾಲು. ಅದಕ್ಕಾಗಿ ಇಲ್ಲಿನ ಮನೆ, ನೀರಿನ ಕೊಳವೆ, ಸೇತುವೆಗಳ ಬೆಲೆ ಏರಿಸುವುದು ಯಾವ ನ್ಯಾಯ? ರಫ್ತಿಗೆ ಮಾತ್ರ ತೆರಿಗೆ ಹಾಕಿದರೆ ಹಣ ಉಳಿದೀತು, ಹೊಗೆ ಮಾತ್ರ ಇದ್ದಷ್ಟೇ ಇರುತ್ತದೆ. ಸಾಧಾರಣವಾದ, ವರ್ಷವರ್ಷಕ್ಕೆ ಮುಂದಾಗಿಯೇ ತಿಳಿಸಿ ಏರಿಸುವ, ಉತ್ಪನ್ನ ಬೇರೆಡೆಗೆ ಹರಿಯದಂತೆ ಕಟ್ಟುಮಾಡಿದ ಬೆಲೆಯೊಂದು ನಮಗೆ ಬೇಕು. ಅದರ ಜೊತೆಗೆ, ಗಡಿಯಲ್ಲಿ ವಸೂಲಾದುದನ್ನು ಉತ್ಪಾದಕ ದೇಶಗಳ ಕುಲುಮೆ ಬದಲಿಸುವ ಕೆಲಸಕ್ಕೆ ಹಿಂದಿರುಗಿಸಬೇಕೆಂಬ ಬೇಡಿಕೆ. ಶಾಸನದಲ್ಲಿ ಅಂತಹ ಕಟ್ಟಳೆ ಇಲ್ಲದಿರುವುದೇ ಅದರ ಮುಖ್ಯ ಅನ್ಯಾಯ. ಮೊದಲನೆಯದಿಲ್ಲದೆ ಎರಡನೆಯದನ್ನು ಕೇಳಿದರೆ ಮನ್ನಣೆ ದೊರೆಯುವುದು ಕಷ್ಟ.

ಚರ್ಚೆಯಲ್ಲಿ ಯಾರೂ ಹೆಸರೆತ್ತದವನು ಲೂಧಿಯಾನದಂತಹ ಊರಿನ ಚಿಕ್ಕ ಬೋಲ್ಟು-ನಟ್ಟು ತಯಾರಕ. ಅವನ ಸರಕೂ ಈ ಪಟ್ಟಿಯಲ್ಲಿದೆ. ವರ್ಷಕ್ಕೆ 50 ಟನ್ನಿನೊಳಗಿನ ಆಮದಿಗೆ 2025ರಲ್ಲಿ ವಿನಾಯಿತಿ ಕೊಟ್ಟದ್ದು ಅಲ್ಲಿಯ ಆಮದುದಾರನಿಗೆ. ಇವನು ಎಷ್ಟು ಚಿಕ್ಕವನೆಂಬುದನ್ನು ಯಾರೂ ಅಳೆಯುವುದಿಲ್ಲ. ತಾನು ಕೊಂಡ ಉಕ್ಕಿನ ಸರಳು ಯಾವ ಕುಲುಮೆಯದು, ಅದರ ಹೊಗೆ ಎಷ್ಟು ಎಂಬುದಕ್ಕೆ ಅವನ ಬಳಿ ಕಾಗದವಿಲ್ಲ. ಕಾಗದವಿಲ್ಲದಿದ್ದರೆ ಒಕ್ಕೂಟವೇ ಗೊತ್ತುಮಾಡಿದ ಸರಾಸರಿ ಅಂಕಿ ಅವನ ತಲೆಯ ಮೇಲೆ ಬೀಳುತ್ತದೆ.