ನೌಕಾಪಡೆಯ ಹಳೆಯ ಬಟ್ಟೆಗಳ ಸಂಗ್ರಹ: ಒಂದು ಆಕ್ಷೇಪ

ನೌಕಾಪಡೆಯ ಧ್ವಜ, ಟೋಪಿಪಟ್ಟಿ, ಕಸೂತಿಯ ಲಾಂಛನ ಮೊದಲಾದ ಹಳೆಯ ಬಟ್ಟೆಗಳನ್ನು ದೇಶಾಭಿಮಾನದ ನೆನಪಿಗೆಂದು ಕೊಂಡು ಕೂಡಿಡುವ ಹವ್ಯಾಸವು ಕಡಲಿಗೆ ಬಹುದೂರವಾದ ಕಲಬುರಗಿಗೂ ಬಂದಿದೆ. ಇದನ್ನು ಹಗುರವಾಗಿ ಕಾಣುವುದು ನಮ್ಮ ಉದ್ದೇಶವಲ್ಲ. ಆದರೆ ಸಂಗ್ರಾಹಕರು ಬಟ್ಟೆಯನ್ನು ನೋಡುವುದಕ್ಕಿಂತ ಅದರ ಕಥೆಯನ್ನು ಕೇಳುವುದರಲ್ಲಿಯೇ ತೃಪ್ತರಾಗುತ್ತಿರುವರೆಂಬುದು ನಮ್ಮ ಆಕ್ಷೇಪ.

ನಗರದ ಸಂಗ್ರಾಹಕರೊಬ್ಬರು 1971ರ ಯುದ್ಧದಲ್ಲಿ ಹಾರಿದುದೆಂದು ಹೇಳಿ, ಗಾಜಿನ ಚೌಕಟ್ಟಿನಲ್ಲಿಟ್ಟ ಧ್ವಜವೊಂದನ್ನು ನಮಗೆ ತೋರಿಸಿದರು. ಬಿಳಿಯ ನೆಲ, ಕೆಂಪು ಶಿಲುಬೆ, ಮೇಲ್ಮೂಲೆಯಲ್ಲಿ ತ್ರಿವರ್ಣ, ಇಷ್ಟರಮಟ್ಟಿಗೆ ಸಂದೇಹವಿಲ್ಲ. ಆದರೆ ಶಿಲುಬೆಯ ನಡುವೆ ಸಿಂಹಲಾಂಛನವೂ ಅದರ ಕೆಳಗೆ ‘ಸತ್ಯಮೇವ ಜಯತೇ’ ಎಂಬ ವಾಕ್ಯವೂ ಇದ್ದುವು. 1950ರ ಜನವರಿ 26ರಂದು ಬಳಕೆಗೆ ಬಂದ ಧ್ವಜದಲ್ಲಿ ಬರಿಯ ಶಿಲುಬೆಯಿತ್ತು. 2001ರಲ್ಲಿ ಅದನ್ನು ಕೈಬಿಟ್ಟು ನೀಲಿಯ ನೌಕಾಲಾಂಛನವನ್ನಿಟ್ಟರು. ಆ ನೀಲಿಯು ಬಾನು ಕಡಲುಗಳ ನೀಲಿಯಲ್ಲಿ ಕರಗಿ ಕಾಣದಾಯಿತೆಂಬ ದೂರು ಬಂದು, 2004ರಲ್ಲಿ ಶಿಲುಬೆಯು ಸಿಂಹಲಾಂಛನದೊಡನೆ ಮರಳಿತು. ‘ಸತ್ಯಮೇವ ಜಯತೇ’ ಸೇರಿದುದು 2014ರಲ್ಲಿ. 2022ರ ಸೆಪ್ಟೆಂಬರ್ 2ರಂದು ಶಿಲುಬೆಯೇ ಹೋಗಿ, ಶಿವಾಜಿಯ ಮುದ್ರೆಯನ್ನು ನೆನಪಿಸುವ ಎಂಟು ಮೂಲೆಯ ಚಿಹ್ನೆ ಬಂದಿತು. ಆದುದರಿಂದ ನಾವು ಕಂಡ ಧ್ವಜವು 2014ಕ್ಕೆ ಹಿಂದಿನದಾಗಿರಲಾರದು. ಇದನ್ನು ತಿಳಿಸಿದಾಗ ಆ ಹಿರಿಯರು ತುಸುಹೊತ್ತು ಸುಮ್ಮನಿದ್ದು, “ಆದರೂ ಕೈಮುಗಿಯೋ ಬಟ್ಟೆ ಹೌದಲ್ಲರೀ?” ಎಂದರು. ಹೌದು, ಆದರೆ 1971ಕ್ಕೆ ಅದು ಸಾಕ್ಷಿಯಲ್ಲ.

ಇಂತಹ ಮೋಸಕ್ಕೆ ಆಸ್ಪದವಾಗುವ ಕಾರಣವೊಂದು ನಮ್ಮ ಗೌರವಭಾವನೆಯಲ್ಲಿಯೇ ಇದೆ. ಹರಿದು ಜೀರ್ಣವಾದ ರಾಷ್ಟ್ರಧ್ವಜವನ್ನು ಏಕಾಂತದಲ್ಲಿ, ಮೇಲಾಗಿ ಸುಟ್ಟು, ಇಲ್ಲವಾಗಿಸಬೇಕೆಂದು ಧ್ವಜಸಂಹಿತೆ ವಿಧಿಸುತ್ತದೆ. ಈ ವಿಧಿ ಉಚಿತವೇ ಸರಿ. ಆದರೆ ಗಾಳಿ ಉಪ್ಪುಗಳನ್ನು ಉಂಡ ಧ್ವಜಗಳು ಹೀಗೆ ಬೂದಿಯಾಗುವ ರೂಢಿಯಿರುವಲ್ಲಿ, ಅಂಗಡಿಗೆ ಬರುವುದು ಹೆಚ್ಚಾಗಿ ಹಾರದ ಧ್ವಜವೇ. ಬಟ್ಟೆ ಕಲೆಯಿಲ್ಲದೆ ಹೊಳೆಯುತ್ತಿದ್ದಷ್ಟೂ ಬೆಲೆ ಏರುವುದೆಂದರೆ, ಇತಿಹಾಸವಿಲ್ಲದಿರುವುದಕ್ಕೇ ಬೆಲೆ ಕಟ್ಟಿದಂತಾಗಲಿಲ್ಲವೇ?

ಇದಕ್ಕೆ ಪ್ರತಿಯಾದ ವಸ್ತುವೊಂದನ್ನು ನಾವು ಕಮಲಾಪುರದಲ್ಲಿ ಕಂಡೆವು. ಹುಮನಾಬಾದಿನ ದಾರಿಯಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಈ ಊರಿನ ಮನೆಯೊಂದರಲ್ಲಿ, ಹೊಲದ ಕಾಗದಪತ್ರಗಳ ಕಟ್ಟಿಗೆ ಸುತ್ತಿದ್ದುದು ನಾವಿಕನ ಟೋಪಿಯ ಕಪ್ಪು ಪಟ್ಟಿ. ಜರಿಯ ಅಕ್ಷರಗಳು ಮಾಸಿದ್ದರೂ ‘ಮೈಸೂರು’ ಎಂಬ ಹಡಗಿನ ಹೆಸರನ್ನು ಓದಬಹುದಾಗಿತ್ತು. ಗಂಟು ಬೀಳುತ್ತಿದ್ದ ಎಡೆಯಲ್ಲಿ ನೇಯ್ಗೆ ಸವೆದಿತ್ತು. ಬ್ರಿಟನ್ನಿನ ‘ನೈಜೀರಿಯಾ’ ಎಂಬ ಹಡಗನ್ನು ಕೊಂಡು, ಗಂಡಭೇರುಂಡದ ಲಾಂಛನವನ್ನಿತ್ತು, ನಮ್ಮ ನೌಕಾಪಡೆಯು ಅದನ್ನು ‘ಮೈಸೂರು’ ಎಂದು ಸೇವೆಗೆ ಸೇರಿಸಿಕೊಂಡುದು 1957ರ ಆಗಸ್ಟ್ 29ರಂದು. ಕಲಬುರಗಿಯು ಹೈದರಾಬಾದನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಆಗ ಹತ್ತು ತಿಂಗಳಷ್ಟೇ ಆಗಿತ್ತು. 1971ರಲ್ಲಿ ಈ ಹಡಗು ಪಶ್ಚಿಮ ನೌಕಾಬಳಗದ ಮುಂದಾಳು, 1985ರಲ್ಲಿ ನಿವೃತ್ತ. ಈ ನಡುವೆ, 1973ರಲ್ಲಿ, ರಾಜ್ಯದ ಹೆಸರು ಕರ್ನಾಟಕವೆಂದಾಯಿತು. ಹಡಗಿನ ಹೆಸರು ಬದಲಾಗಲಿಲ್ಲ.

“ಇದ್ರಾಗ ಏನ್ ಅದರೀ, ಹಳೀ ಅರಿವಿ” ಎಂದರು ಮನೆಯ ತಾಯಿ. ಚೌಕಟ್ಟಿನ ಧ್ವಜಕ್ಕಿಂತ ಈ ಅರಿವಿಯೇ ಮೇಲೆಂದು ನಾವು ಎಣಿಸುತ್ತೇವೆ. ತೊಟ್ಟವರಾರು, ಎಂದು, ಯಾವ ಹಡಗಿನಲ್ಲಿ ಎಂಬುದನ್ನು ಇಲ್ಲಿ ಇನ್ನೂ ಕೇಳಿ ತಿಳಿಯಬಹುದು. ಅದು ಮಾರಾಟವಾಗಿ ಕೈಬದಲಾದರೆ ಆ ಉತ್ತರಗಳು ಮೊದಲು ಕಳೆದುಹೋಗುವುವು. ಪಟ್ಟಿಯನ್ನು ನಾವು ಕೇಳಲಿಲ್ಲ. ಕಾಗದದ ಕಟ್ಟಿಗೆ ಬೇರೆ ದಾರ ಕಟ್ಟಿ, ಪಟ್ಟಿಯನ್ನು ಮಡಿಸದೆ ಸುರುಳಿಯಾಗಿ ಇಡಬೇಕೆಂದು ಹೇಳಿ, ತೊಟ್ಟವರ ಹೆಸರನ್ನೂ ಸೇವೆಯ ವರ್ಷಗಳನ್ನೂ ಒಂದು ಚೀಟಿಯಲ್ಲಿ ಅವರ ಮೊಮ್ಮಗಳಿಂದಲೇ ಬರೆಯಿಸಿ, ಅದರೊಡನೆ ಇರಿಸಿ ಬಂದೆವು.