ಹರಾಜಿನ ಪ್ರವರ

ಕವಿತೆ, ಕಾದಂಬರಿ ಬಿಟ್ಟು ಹರಾಜಿನ ಕೆಟಲಾಗಿಗೆ ವಿಮರ್ಶೆ ಬರೀತಿದ್ದೀನಿ ಅಂತ ಗೆಳೆಯರು ನಗಬಹುದು. ನಗಲಿ. ಒಂದೊಂದು ವಾಕ್ಯಕ್ಕೂ ಇಷ್ಟು ಬೆಲೆ ಬರುವ ಗದ್ಯವನ್ನು ನಾನು ಬೇರೆಲ್ಲೂ ಓದಿಲ್ಲ.

2023ರ ಮೇ 23ರಂದು ಲಂಡನ್ನಿನ ಬಾನ್‌ಹ್ಯಾಮ್ಸ್ ಎಂಬ ಹರಾಜು ಕಂಪನಿ ಟಿಪ್ಪುವಿನ ಮಲಗುವ ಕೋಣೆಯ ಕತ್ತಿಯನ್ನು 1 ಕೋಟಿ 40 ಲಕ್ಷ ಪೌಂಡಿಗೆ ಮಾರಿತು. ನಮ್ಮ ಲೆಕ್ಕದಲ್ಲಿ ಸುಮಾರು 145 ಕೋಟಿ ರೂಪಾಯಿ. ಅವರೇ ಕಟ್ಟಿದ್ದ ಅಂದಾಜು 15ರಿಂದ 20 ಲಕ್ಷ ಪೌಂಡ್. ಬೆಲೆಯನ್ನು ಇಷ್ಟು ಮೇಲಕ್ಕೆ ಎಬ್ಬಿಸಿದ್ದು ಉಕ್ಕಲ್ಲ, ಹಿಡಿಯ ಮೇಲಿನ ಚಿನ್ನವೂ ಅಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ಪಟ್ಟಿ. ಇಂಗ್ಲಿಷಿನವರು ಅದಕ್ಕೆ ಪ್ರೊವೆನೆನ್ಸ್ ಅಂತಾರೆ. ನಾನು ಪ್ರವರ ಅಂತೀನಿ. ಗೋತ್ರದವರು ಋಷಿಗಳ ಹೆಸರು ಒಪ್ಪಿಸೋ ಹಾಗೇ ಇಲ್ಲೂ ಸುಲ್ತಾನ, ಜನರಲ್ ಡೇವಿಡ್ ಬೈರ್ಡ್, ಆಮೇಲಿನ ದೊಡ್ಡವರು. ಪ್ರವರ ಇಲ್ಲದ ವಸ್ತುವಿಗೆ ಆ ಪಂಕ್ತಿಯಲ್ಲಿ ಎಲೆ ಹಾಕಲ್ಲ.

ಈ ಗದ್ಯದ ವ್ಯಾಕರಣ ನೋಡಬೇಕು. ಶೌರ್ಯ ಮೆಚ್ಚಿ ಬೈರ್ಡನಿಗೆ ಕತ್ತಿ 'ಕೊಡಲಾಯಿತು'. ಯಾರದ್ದನ್ನು ಯಾರು ಕೊಟ್ಟರು? 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು, ಊರು ಲೂಟಿಯಾಯಿತು. ಆಮೇಲೆ ಲೂಟಿಗೆ ಲೆಕ್ಕದ ಪುಸ್ತಕ ಬಂತು. ಸೈನ್ಯ ಹಂಚಿಕೊಂಡ ಮೊತ್ತ 11 ಲಕ್ಷ 43 ಸಾವಿರ ಪೌಂಡ್. ಅದರ ಎಂಟನೇ ಒಂದು ಪಾಲು, 1,42,902 ಪೌಂಡ್, ಜನರಲ್ ಹ್ಯಾರಿಸ್ ಒಬ್ಬನಿಗೆ. ದರ್ಜೆ ಇಳಿದ ಹಾಗೆ ಪಾಲೂ ಇಳೀತು. ಮದ್ರಾಸ್ ಸೈನ್ಯದಲ್ಲಿ ಪರೆಯರೂ ಇದ್ದರು. ಅಂದರೆ ಈ ಕಡೆಯ ಲೆಕ್ಕದಲ್ಲಿ ನಮ್ಮವರೂ ಇದ್ದಾರೆ, ಪಟ್ಟಿಯ ಕಟ್ಟಕಡೆಗೆ. ಈ ಮಾತನ್ನು ನುಂಗಿಕೊಂಡು ಬರೆಯೋಕೆ ನನ್ನಿಂದ ಆಗಲ್ಲ.

ಚಿನ್ನ ಹೊದಿಸಿದ ಸಿಂಹಾಸನವನ್ನು ಪಾಲು ಹಂಚೋರು ಒಡೆದು ತುಂಡು ಮಾಡಿದರು. ಹುಮಾ ಹಕ್ಕಿ, ದೊಡ್ಡ ಹುಲಿಮುಖ ಇಂಗ್ಲೆಂಡಿನ ರಾಜರ ಮನೆ ಸೇರಿದವು. ಅಂಚಿನ ಚಿಕ್ಕ ಹುಲಿತಲೆಗಳು ಆಗಾಗ ಹರಾಜಿನಲ್ಲಿ ಮುಖ ತೋರಿಸುತ್ತವೆ. 15 ಲಕ್ಷ ಪೌಂಡ್ ಬೆಲೆಯ ಅಂಥದ್ದೊಂದು ತಲೆ ತಮ್ಮ ದೇಶ ಬಿಟ್ಟು ಹೋಗಬಾರದು ಅಂತ 2021ರಲ್ಲಿ ಬ್ರಿಟಿಷ್ ಸರ್ಕಾರ ಸ್ವಲ್ಪ ಕಾಲ ತಡೆ ಹಾಕಿತು. ನಗಬೇಕೋ ಅಳಬೇಕೋ!

ಇಷ್ಟೆಲ್ಲ ಹೆಸರುಗಳ ನಡುವೆ ಮಾಡಿದವನ ಹೆಸರು ಹುಡುಕಿ. 'ದಕ್ಷಿಣ ಭಾರತ, 18ನೇ ಶತಮಾನ' ಅಂತ ಇರುತ್ತೆ. ಶತಮಾನ ಕುಲುಮೆ ಊದುತ್ತಾ? ನಮ್ಮ ಬಿಂಡಿಗನವಿಲೆ ಕಡೆಯವರಿಗೆ ನಾಗಮಂಗಲ ಅಂದರೆ ಎರಕದ ಊರು. ಮೇಣದಲ್ಲಿ ರೂಪ ಮಾಡಿ, ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿದರೆ ಮೇಣ ಕರಗಿ ಹರಿದು ಹೋಗುತ್ತೆ. ಆ ಟೊಳ್ಳಿಗೆ ಲೋಹ ಹುಯ್ದು, ಆರಿದ ಮೇಲೆ ಅಚ್ಚು ಒಡೀತಾರೆ. ಒಂದು ಅಚ್ಚಿಗೆ ಒಂದೇ ವಿಗ್ರಹ. ಇಷ್ಟು ಗೊತ್ತಿರೋ ಕೈ ಕೆಟಲಾಗಿನಲ್ಲಿ ಅನಾಮಿಕ.

ನಮ್ಮಜ್ಜಿ ಹತ್ತಿರ ಒಂದು ಕಂಚಿನ ಗಂಗಳ ಇತ್ತು. ತವರಿಂದ ಬಂದದ್ದು ಅದೊಂದೇ. ಅದರ ಪ್ರವರವನ್ನೂ ಬರೆದಿಡ್ತೀನಿ: ಅಜ್ಜಿ, ಗಿರವಿ ಅಂಗಡಿ, ಅಜ್ಜಿ, ಗಿರವಿ ಅಂಗಡಿ, ಅಜ್ಜಿ, ಗುಜರಿಯವನು. ಕೊನೇ ಸಲ ಹೋದದ್ದು ನನ್ನ ಪಿಯುಸಿ ಫೀಸಿಗೆ. ತಕ್ಕಡಿಯಲ್ಲಿ ತೂಗಿದ ಗುಜರಿಯವನು ಸೀಳು ಬಿಟ್ಟಿದೆ ಅಂತ ಅದಕ್ಕೂ ಕಾಸು ಮುರಿದ. ಡಿಗ್ರಿ ಮುಗಿಸಿ ಕೆಲಸ ಹುಡುಕ್ತಾ ಬೆಂಗಳೂರಿಗೆ ಹೋದಾಗ ಒಂದು ಅಂಗಡಿಯಲ್ಲಿ ಅಂಥವೇ ಗಂಗಳ ಸಾಲಾಗಿ ನೇತಾಡುತ್ತಿದ್ದವು. ಚೀಟಿ ಮೇಲೆ 'ಆಂಟಿಕ್'. ಸೀಳಿದ್ದಕ್ಕೇ ಜಾಸ್ತಿ ಬೆಲೆ. ಕೈ ಚಾಚಿದೆ. "ಮುಟ್ಟಬೇಡಿ" ಅಂದ ಅಂಗಡಿಯವನು. ಎಲ್ಲರಿಗೂ ಹೇಳೋ ಮಾತೇ ಇರಬಹುದು. ನನಗೆ ಬೇರೆ ಥರ ಕೇಳಿಸಿತು.

1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ್ದನ್ನು ದೇಶದಾಚೆ ಸಾಗಿಸೋ ಹಾಗಿಲ್ಲ. ಒಳ್ಳೇದು. ಗುಜರಿ ತಕ್ಕಡಿ ದೇಶದೊಳಗೇ ಇದೆಯಲ್ಲ.

ಕತ್ತಿ ವಾಪಸ್ ಬರಲಿ ಅನ್ನೋರ ಜೊತೆ ನಾನೂ ಕೂಗ್ತೀನಿ. ಆದರೆ ಯಾರ ಕೈಗೆ? ಮದ್ಯದ ಉದ್ಯಮಿ ವಿಜಯ್ ಮಲ್ಯ 2003ರಲ್ಲಿ ಲಂಡನ್ನಿನಲ್ಲಿ ಸುಮಾರು ಒಂದೂವರೆ ಕೋಟಿ ಕೊಟ್ಟು ಟಿಪ್ಪುವಿನ ಕತ್ತಿ ಕೊಂಡಾಗ ನಾಡಿನ ಮಾನ ಉಳೀತು ಅಂದವರಿದ್ದರು. ಅದನ್ನು ಅವರು ಯಾರಿಗೋ ಕೊಟ್ಟುಬಿಟ್ಟರು ಅಂತ 2018ರಲ್ಲಿ ಪೇಪರಿನಲ್ಲಿ ಬಂತು. ನಾಡನ್ನು ಯಾರೂ ಕೇಳಲಿಲ್ಲ. ಸರ್ಕಾರವೇ ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟರೂ ಪಕ್ಕದ ಫಲಕದಲ್ಲಿ ಅದೇ ಹಳೇ ಪ್ರವರ ಬರೆದರೆ ನಮ್ಮ ಶಾಲೆ ಮಕ್ಕಳು ಓದೋದು ಬಾನ್‌ಹ್ಯಾಮ್ಸ್ ಕೆಟಲಾಗನ್ನೇ, ಕನ್ನಡದಲ್ಲಿ. ಮೇಷ್ಟ್ರುಗಳು ದರಿಯಾ ದೌಲತ್ತಿಗೆ ಮಕ್ಕಳನ್ನು ಕರಕೊಂಡು ಹೋದಾಗ ಒಂದು ಪ್ರಶ್ನೆ ಕೇಳಿಸಿ: ಇದನ್ನು ಮಾಡಿದೋರು ಯಾರು ಸಾ?

ಅಜ್ಜಿ ಈಗ ಸ್ಟೀಲ್ ತಟ್ಟೇಲಿ ಉಣ್ತಾಳೆ. ಅಂಗಡಿಯಲ್ಲಿ ನೋಡಿದ್ದನ್ನು ಹೇಳಿದೆ. "ಅದ್ರಲ್ಲಿ ನಂದೂ ಇತ್ತಾ ಮಗ?" ಅಂದ್ಲು.