ಪುಸ್ತಕ ಬರೆಯದ ಗುರು: ಫ್ರಾನ್ಸಿಸ್ಕೊ ತಾರ್ರೆಗ ಮತ್ತು ಅವನ ಗಿಟಾರ್ ಪರಂಪರೆ

ನೋಕಿಯಾ ಫೋನುಗಳು ಮನೆಮನೆಗೆ ಬಂದ ಕಾಲದಲ್ಲಿ ಅವುಗಳಿಂದ ಮೊಳಗುತ್ತಿದ್ದ ಆ ಪುಟ್ಟ ರಾಗವನ್ನು ಕೇಳದವರು ನಮ್ಮ ಸಂಘದಲ್ಲಿ ಯಾರೂ ಇರಲಾರರು. ಅದು ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರ್ರೆಗ (1852–1909) ರಚಿಸಿದ ‘ಗ್ರಾನ್ ವಾಲ್ಸ್’ ಎಂಬ ಕೃತಿಯ ನಾಲ್ಕೇ ನಾಲ್ಕು ಬಾರ್‌ಗಳ ಭಾಗ ಎಂಬುದು ಬಹಳ ಮಂದಿಗೆ ತಿಳಿದಿಲ್ಲ. ಕೋಟ್ಯಂತರ ಜನ ಕೇಳಿದ ಸಂಗೀತ, ಆದರೆ ಸಂಗೀತಗಾರನ ಹೆಸರು ಅಜ್ಞಾತ! ಇದೊಂದು ವಿಚಿತ್ರವಾದ ಕೀರ್ತಿ. ಅವನ ನಿಜವಾದ ಕೊಡುಗೆ ಈ ನಾಲ್ಕು ಬಾರ್‌ಗಳಲ್ಲಿಲ್ಲ. ಅವನ ಒಟ್ಟು ರಚನೆಗಳಲ್ಲೂ ಪೂರ್ತಿಯಾಗಿ ಇಲ್ಲ. ಅದು ಅವನ ಶಿಷ್ಯರಲ್ಲಿದೆ, ಅದರಲ್ಲೂ ಗುರುವಿನಂತೆ ನುಡಿಸದೆ ತಮ್ಮದೇ ದಾರಿ ಹಿಡಿದ ಶಿಷ್ಯರಲ್ಲಿದೆ ಎಂಬುದು ಈ ಲೇಖನದಲ್ಲಿ ನಾನು ಹೇಳಬಯಸುವ ಮಾತು.

ತಾರ್ರೆಗ ಹುಟ್ಟಿದ್ದು 1852ರ ನವೆಂಬರ್ 21ರಂದು, ಸ್ಪೇನಿನ ಪೂರ್ವ ಕರಾವಳಿಯ ಬಳಿ ಇರುವ ವಿಯಾರಿಯಾಲ್ ಎಂಬ ಊರಿನಲ್ಲಿ. ತಂದೆ ಒಂದು ಕ್ರೈಸ್ತ ಮಠದ ಕಾವಲುಗಾರ. ಗಿಟಾರ್ ನುಡಿಸುವ ಹವ್ಯಾಸ ಇದ್ದವನು. ಮಗು ಚಿಕ್ಕಂದಿನಲ್ಲಿ ನೀರಾವರಿ ಕಾಲುವೆಗೆ ಬಿದ್ದು ಕಣ್ಣಿಗೆ ಪೆಟ್ಟು ಮಾಡಿಕೊಂಡಿತು. ಮುಂದೆ ದೃಷ್ಟಿ ಪೂರ್ತಿ ಹೋದರೂ ಸಂಗೀತದಿಂದ ಹೊಟ್ಟೆ ಹೊರೆಯಬಹುದೆಂದು ಲೆಕ್ಕ ಹಾಕಿದ ತಂದೆ, ಸಂಸಾರವನ್ನು ಹತ್ತಿರದ ಕಾಸ್ತೆಯೋನ್ ಪಟ್ಟಣಕ್ಕೆ ಸಾಗಿಸಿದ. ಅಲ್ಲಿ ಹುಡುಗನಿಗೆ ಪಾಠ ಹೇಳಿದ ಮೊದಲ ಇಬ್ಬರು ಗುರುಗಳೂ ಅಂಧರು. ಕಣ್ಣಿನ ನೆರವಿಲ್ಲದೆ ಕಿವಿ ಮತ್ತು ಸ್ಪರ್ಶದಿಂದಲೇ ಸಂಗೀತವನ್ನು ಬಲ್ಲವರ ಬಳಿ ಆರಂಭವಾದ ವಿದ್ಯೆ ಇದು. ಮುಂದೆ ನಾದದ ವಿಷಯದಲ್ಲಿ ಅವನು ತೋರಿದ ಹಟವನ್ನು ನೋಡುವಾಗ ಈ ಸಂಗತಿ ನೆನಪಿಗೆ ಬಾರದೆ ಇರದು.

1874ರಲ್ಲಿ ಅವನು ಮ್ಯಾಡ್ರಿಡ್‌ನ ಸಂಗೀತ ವಿದ್ಯಾಲಯ ಸೇರಿದಾಗ ಯುರೋಪಿನಲ್ಲಿ ಪಿಯಾನೊ ಮೆರೆಯುತ್ತಿತ್ತು. ಗಿಟಾರ್ ಎಂದರೆ ಹೆಂಡದಂಗಡಿಯ ಹಾಡಿಗೆ, ಕುಣಿತಕ್ಕೆ ಜೊತೆಗೂಡುವ ವಾದ್ಯ ಎಂಬ ತಾತ್ಸಾರ ವ್ಯಾಪಕವಾಗಿತ್ತು. ತಾರ್ರೆಗ ಪಿಯಾನೊ ಮತ್ತು ಸ್ವರಮೇಳ ಶಾಸ್ತ್ರಗಳನ್ನು ಕ್ರಮವಾಗಿ ಕಲಿತ. ಆದರೆ ಆ ವಿದ್ಯೆಯನ್ನು ಗಿಟಾರಿಗೆ ತಂದು ಸುರಿದ. ಆಂತೋನಿಯೊ ದೆ ತೊರ್ರೆಸ್ ಎಂಬ ಕುಶಲಕರ್ಮಿ ಆ ಹೊತ್ತಿಗಾಗಲೇ ಗಿಟಾರಿನ ಒಡಲನ್ನು ದೊಡ್ಡದು ಮಾಡಿ ಅದರ ನಾದಕ್ಕೆ ತುಂಬು ಕೊಟ್ಟಿದ್ದ. ತೊರ್ರೆಸ್ 1864ರಲ್ಲಿ ಮಾಡಿದ ಒಂದು ಗಿಟಾರ್ ತಾರ್ರೆಗನ ಬಹುಕಾಲದ ಸಂಗಾತಿಯಾಯಿತು.

1880ರ ದಶಕದ ಮೊದಲ ವರ್ಷಗಳಲ್ಲಿ ಅವನು ಪ್ಯಾರಿಸ್, ಲಂಡನ್‌ಗಳಲ್ಲಿ ನುಡಿಸಿದ. ‘ಲಾಗ್ರಿಮಾ’, ಅಂದರೆ ‘ಕಣ್ಣೀರ ಹನಿ’, ಎಂಬ ಚಿಕ್ಕ ಕೃತಿ ಲಂಡನ್ನಿನ ಮಂಜು ಮುಸುಕಿದ ದಿನಗಳಲ್ಲಿ ಊರಿನ ನೆನಪು ಕಾಡಿದಾಗ ಹುಟ್ಟಿತೆಂಬ ಪ್ರತೀತಿ ಇದೆ. ದಂತಕಥೆಯೇ ಇರಬಹುದು, ಆದರೆ ಪರದೇಶದಲ್ಲಿ ಮೊದಲ ಚಳಿಗಾಲ ಕಳೆದ ನಮ್ಮಂಥವರಿಗೆ ಅದನ್ನು ನಂಬಲು ಕಷ್ಟವೇನಿಲ್ಲ.

ಅವನ ಸ್ವಂತ ರಚನೆಗಳು ಸುಮಾರು ಎಂಬತ್ತು. ಹೆಚ್ಚಿನವು ಒಂದೆರಡು ಪುಟದವು. ಅವುಗಳನ್ನು ಅಳೆಯುವಾಗ ಅಭಿಮಾನ ಅಡ್ಡ ಬರಬಾರದು. ಬೀಥೋವನ್ ಕಟ್ಟಿದಂಥ ದೊಡ್ಡ ಸೌಧಗಳು ಇಲ್ಲಿಲ್ಲ. ಶ್ರೀಮಂತರ ದಿವಾನಖಾನೆಗೆ ಒಪ್ಪುವ ನಯ, ಕೆಲವೊಮ್ಮೆ ಅತಿಯಾದ ಭಾವುಕತೆ, ಜನಪ್ರಿಯ ಹಾಡುಗಳ ಮೇಲೆ ಕೈಚಳಕ ತೋರಿಸುವ ಚಮತ್ಕಾರ, ಇವೆಲ್ಲ ಇವೆ. ಆದರೆ ‘ರೆಕುಯೆರ್ದೋಸ್ ದೆ ಲಾ ಅಲ್ಹಾಂಬ್ರ’ (ಅಲ್ಹಾಂಬ್ರದ ನೆನಪುಗಳು) ಬೇರೆ ಜಾತಿಗೆ ಸೇರಿದ್ದು. ಪಿಟೀಲಿನ ಕಮಾನಿನಂತೆ ಸ್ವರವನ್ನು ಎಳೆದು ನಿಲ್ಲಿಸುವ ಶಕ್ತಿ ಗಿಟಾರಿಗಿಲ್ಲ. ಮೀಟಿದ ಕ್ಷಣದಿಂದಲೇ ಸ್ವರ ಸಾಯತೊಡಗುತ್ತದೆ. ಈ ಕೃತಿಯಲ್ಲಿ ಹೆಬ್ಬೆರಳು ಕೆಳಗಿನ ಸ್ವರಗಳನ್ನು ನುಡಿಸುತ್ತಿರುವಾಗಲೇ ಉಂಗುರದ ಬೆರಳು, ನಡುಬೆರಳು, ತೋರುಬೆರಳು ಒಂದರ ಹಿಂದೊಂದು ಒಂದೇ ಸ್ವರವನ್ನು ವೇಗವಾಗಿ ಮೀಟುತ್ತವೆ. ಕಿವಿಗೆ ಅದು ಕಡಿಯದ ಎಳೆಯಾಗಿ ಕೇಳುತ್ತದೆ. ವಾದ್ಯದ ಕೊರತೆಯೇ ಇಲ್ಲಿ ಕೃತಿಯ ಹುರುಳಾಗಿದೆ. ಅದು ಹಿಡಿದುಕೊಳ್ಳಲಾಗದ ನೆನಪಿನ ಕುರಿತ ಕೃತಿಯಾದ್ದರಿಂದ ಈ ತಂತ್ರ ಬರಿಯ ತಂತ್ರವಾಗಿ ಉಳಿಯುವುದಿಲ್ಲ.

ಇನ್ನು ಬಾಖ್, ಬೀಥೋವನ್, ಷೋಪಾನ್, ಶೂಮಾನ್ ಮುಂತಾದವರ ಕೃತಿಗಳನ್ನು ಗಿಟಾರಿಗೆ ಅಳವಡಿಸಿದ್ದು ನೂರಕ್ಕೂ ಹೆಚ್ಚು. ಈ ವಾದ್ಯವೂ ಆ ಪಂಕ್ತಿಯಲ್ಲಿ ಕೂರಬಲ್ಲದು ಎಂದು ತೋರಿಸಿದ ಕೆಲಸವಿದು.

ತಾರ್ರೆಗನನ್ನು ‘ಆಧುನಿಕ ಗಿಟಾರಿನ ಪಿತಾಮಹ’ ಎಂದು ಕರೆಯುವ ರೂಢಿ ಇದೆ. ಈ ಬಿರುದು ತುಸು ಉತ್ಪ್ರೇಕ್ಷೆಯದು. ಅವನಿಗಿಂತ ಎರಡು ತಲೆಮಾರು ಮೊದಲೇ ಸ್ಪೇನಿನವರಾದ ಫೆರ್ನಾಂದೊ ಸೊರ್ ಮತ್ತು ದಿಯೊನಿಸಿಯೊ ಅಗ್ವಾದೊ ಗಿಟಾರ್ ಕಲಿಕೆಯ ಬಗ್ಗೆ ಗಂಭೀರವಾದ ಗ್ರಂಥಗಳನ್ನು ಬರೆದಿದ್ದರು. ಆ ಇಬ್ಬರೂ ಗೆಳೆಯರು. ಆದರೆ ಸೊರ್ ಬೆರಳ ತುದಿಯ ಮಾಂಸದಿಂದ ಮೀಟುತ್ತಿದ್ದ, ಅಗ್ವಾದೊ ಉಗುರಿನಿಂದ. ಆ ಹಳೆಯ ವ್ಯಾಜ್ಯವೇ ತಾರ್ರೆಗನ ಬದುಕಿನ ಕೊನೆಯ ದಶಕದಲ್ಲಿ ಮತ್ತೆ ತಲೆ ಎತ್ತಿತು. ಜೀವಮಾನವೆಲ್ಲ ಉಗುರಿನಿಂದ ನುಡಿಸಿ ಹೆಸರು ಗಳಿಸಿದವನು, ಐವತ್ತರ ಆಸುಪಾಸಿನಲ್ಲಿ ಉಗುರು ಕತ್ತರಿಸಿ ಹಾಕಿ ಬರಿ ಬೆರಳಿಗೆ ಬದಲಾಯಿಸಿದ.

ವೈದ್ಯನಾದ ನನಗೆ ಈ ಘಟ್ಟ ವಿಶೇಷವಾಗಿ ಕುತೂಹಲಕರ. ಉಗುರು ನಿರ್ಜೀವ ಪದಾರ್ಥ. ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ, ಮುರಿಯುತ್ತದೆ, ಸವೆಯುತ್ತದೆ. ಬೆರಳ ತುದಿಯಾದರೋ ದೇಹದಲ್ಲೇ ಅತಿ ಸೂಕ್ಷ್ಮವಾಗಿ ಸ್ಪರ್ಶವನ್ನು ಗ್ರಹಿಸುವ ಜಾಗಗಳಲ್ಲೊಂದು. ಉಗುರು ಬಿಟ್ಟಾಗ ನಾದದ ಹೊಳಪು, ಗಟ್ಟಿತನ ಕಡಿಮೆಯಾಗುತ್ತದೆ. ತಂತಿ ಮತ್ತು ನರಗಳ ನಡುವಿನ ತೆರೆ ಸರಿಯುತ್ತದೆ. ದೊಡ್ಡ ಸಭಾಂಗಣವನ್ನು ತುಂಬುವುದಕ್ಕಿಂತ ತನ್ನ ಕಿವಿಗೆ ಸರಿಯೆನಿಸುವ ನಾದ ದೊಡ್ಡದು ಎಂಬ ತೀರ್ಮಾನ ಇದು. ಕಾಲಾನುಕ್ರಮವನ್ನೂ ಗಮನಿಸಬೇಕು. 1906ರ ಜನವರಿಯಲ್ಲಿ ಅವನ ಬಲಭಾಗಕ್ಕೆ ಪಾರ್ಶ್ವವಾಯು ಬಡಿಯಿತು. ಉಗುರು ಬಿಟ್ಟದ್ದು ಅದಕ್ಕೂ ಮೊದಲು. ಆದ್ದರಿಂದ ಅದನ್ನು ಪಾರ್ಶ್ವವಾಯುವಿನಿಂದ ಬಂದ ಅನಿವಾರ್ಯವೆಂದು ಹೇಳುವಂತಿಲ್ಲ. ಮೀಟುವ ಕೈಯೇ ಸೋತ ಮೇಲೂ ಅವನು ಅಭ್ಯಾಸ ಬಿಡದೆ ಮತ್ತೆ ವೇದಿಕೆ ಏರಿದ, ಆದರೆ ಪೂರ್ತಿ ಗುಣವಾಗಲಿಲ್ಲ. ಪಾರ್ಶ್ವವಾಯು ಬಡಿದವರು ಒಂದು ಗುಂಡಿ ಹಾಕಿಕೊಳ್ಳಲು ಪಡುವ ಪಾಡನ್ನು ವರ್ಷಗಟ್ಟಲೆ ಕಂಡಿರುವ ನನಗೆ, ಆ ಕೈಯಲ್ಲಿ ಮತ್ತೆ ಗಿಟಾರ್ ಹಿಡಿಯುವುದು ಎಂಥ ಛಲ ಎಂಬುದು ಗೊತ್ತು. 1909ರ ಡಿಸೆಂಬರ್ 15ರಂದು ಬಾರ್ಸಿಲೋನಾದಲ್ಲಿ ಅವನು ತೀರಿಕೊಂಡಾಗ 57 ವರ್ಷ.

ಸೊರ್, ಅಗ್ವಾದೊ ಬರೆದಂತೆ ತಾರ್ರೆಗ ಪಠ್ಯಗ್ರಂಥ ಬರೆಯಲಿಲ್ಲ. ಅವನ ಪಾಠವೆಲ್ಲ ಗುರುಮುಖದಿಂದ. ಎಡಗಾಲನ್ನು ಪುಟ್ಟ ಪೀಠದ ಮೇಲಿಟ್ಟು, ಗಿಟಾರನ್ನು ಎಡತೊಡೆಯ ಮೇಲೆ ನಿಲ್ಲಿಸಿಕೊಳ್ಳುವುದು. ಮೀಟಿದ ಬೆರಳನ್ನು ಪಕ್ಕದ ತಂತಿಗೆ ಒರಗಿಸಿ ನಾದಕ್ಕೆ ತೂಕ ಕೊಡುವುದು. ಎಡಗೈ ಬೆರಳುಗಳ ಸ್ಥಾನವನ್ನು ರಾಗದ ನಡೆಗೆ ತಕ್ಕಂತೆ ಆರಿಸುವುದು. ಇವನ್ನೆಲ್ಲ ಅವನೇ ಕಂಡುಹಿಡಿದನೆಂದಲ್ಲ. ಒಂದು ಶಿಸ್ತಿಗೆ ತಂದು ಕೈಯಿಂದ ಕೈಗೆ ದಾಟಿಸಿದ.

ಆ ಕೈಗಳು ಎಲ್ಲೆಲ್ಲಿಗೆ ಹೋದವು ನೋಡಿ. ಮಿಗೆಲ್ ಲ್ಯೊಬೆತ್ (1878–1938) ಉಗುರನ್ನು ಬಿಡಲೇ ಇಲ್ಲ. ಕತಲಾನ್ ಜನಪದ ಗೀತೆಗಳನ್ನು ಹೊಸ ಸ್ವರಮೇಳದಲ್ಲಿ ಗಿಟಾರಿಗೆ ತಂದ. ಅವನಿಗಾಗಿಯೇ ಮನ್ವೆಲ್ ದೆ ಫಾಯಾ 1920ರಲ್ಲಿ ತನ್ನ ಏಕೈಕ ಗಿಟಾರ್ ಕೃತಿಯನ್ನು ಬರೆದ. ಎಮಿಲಿಯೊ ಪುಜೋಲ್ (1886–1980) ಗುರುವಿನ ಕೊನೆಗಾಲದ ಬರಿಬೆರಳ ದಾರಿಯಲ್ಲೇ ನಿಂತು, ಆ ಪಾಠಗಳನ್ನು ಹಲವು ಸಂಪುಟಗಳ ಗ್ರಂಥವಾಗಿಸಿದ. ಅಷ್ಟೇ ಅಲ್ಲ, ತಾರ್ರೆಗ ಅಷ್ಟಾಗಿ ಹೊರಳಿ ನೋಡದ 16ನೇ ಶತಮಾನದ ವಿಹುಯೆಲಾ ಸಂಗೀತವನ್ನು ಹಸ್ತಪ್ರತಿ, ಮುದ್ರಿತ ಗ್ರಂಥಗಳಿಂದ ಹೊರತೆಗೆದ. ಹೊಸೆಫೀನಾ ರೊಬ್ಲೆದೊ ಎಂಬ ಶಿಷ್ಯೆ ಈ ವಿದ್ಯೆಯನ್ನು ಅಟ್ಲಾಂಟಿಕ್ ದಾಟಿಸಿ ದಕ್ಷಿಣ ಅಮೆರಿಕಕ್ಕೆ ಒಯ್ದಳು. ತಾರ್ರೆಗನ ಶಿಷ್ಯನಲ್ಲದ, ಆದರೆ ಲ್ಯೊಬೆತ್‌ನಿಂದ ಬಹಳ ಪಡೆದ ಆಂದ್ರೆಸ್ ಸೆಗೋವಿಯಾ (1893–1987) ಉಗುರು–ಮಾಂಸ ಎರಡನ್ನೂ ಬೆರೆಸಿದ ಗಟ್ಟಿ ನಾದದಿಂದ ಜಗತ್ತಿನ ದೊಡ್ಡ ಸಭಾಂಗಣಗಳನ್ನು ಗೆದ್ದ.

ಹಾಗಾದರೆ ಉಗುರಿನ ವ್ಯಾಜ್ಯದಲ್ಲಿ ತಾರ್ರೆಗ ಸೋತನೇ? ವೇದಿಕೆಯ ಲೆಕ್ಕದಲ್ಲಿ ಹೌದು. ಇಂದಿನ ಬಹುಪಾಲು ಕಛೇರಿ ವಾದಕರು ಉಗುರಿನವರೇ. ಪುಸ್ತಕ ಬರೆಯದಿದ್ದುದರ ನಷ್ಟವೂ ಸಣ್ಣದಲ್ಲ. ‘ತಾರ್ರೆಗ ಶಾಲೆ’ ಎಂಬ ಹೆಸರಿನಲ್ಲಿ ಯಾರು ಏನು ಹೇಳಿದರೂ ಇಲ್ಲವೆನ್ನಲು ಗುರುವಿನ ಬರಹ ಇಲ್ಲ. ಪುಜೋಲ್‌ನ ಗ್ರಂಥದಲ್ಲಿ ಸಿಗುವುದು ಕೂಡ ಪುಜೋಲ್ ಕಂಡ ತಾರ್ರೆಗ. ಆದರೆ ಬರೆದಿಟ್ಟಿದ್ದರೆ ಅವನ ಕೊನೆಯ ತೀರ್ಮಾನವೇ ಶಾಸನವಾಗಿ, ಲ್ಯೊಬೆತ್ ಗುರುದ್ರೋಹಿ ಎನಿಸಿಕೊಳ್ಳಬೇಕಾಗುತ್ತಿತ್ತೋ ಏನೋ. ಶಿಷ್ಯನ ನಾದ ತನ್ನದಕ್ಕಿಂತ ಬೇರೆಯಾದರೂ ಪರಂಪರೆ ಕಡಿಯದಂತೆ ಕಲಿಸುವುದು ಎಲ್ಲ ಗುರುಗಳಿಗೂ ಸಾಧಿಸುವುದಿಲ್ಲ. ಮಕ್ಕಳನ್ನು ನಮ್ಮ ಅಚ್ಚಿನಲ್ಲೇ ಎರಕ ಹೊಯ್ಯಬಯಸುವ ತಂದೆತಾಯಿಗಳಾದ ನಮಗೂ ಅದು ಸುಲಭವಲ್ಲ.

ಗಿಟಾರ್ ಕಲಿಯುವ ಮಗು ಮನೆಯಲ್ಲಿದ್ದರೆ ಇಷ್ಟು ಮಾಡಿ ನೋಡಬಹುದು. ‘ಲಾಗ್ರಿಮಾ’ವನ್ನು ಮೊದಲು ಉಗುರಿನ ವಾದಕರಿಂದ, ಆಮೇಲೆ ಬರಿಬೆರಳಿನವರಿಂದ ಮಗುವಿನೊಡನೆ ಕೂತು ಕೇಳಿ. ಒಂದರಲ್ಲಿ ಹನಿ ಹೊಳೆಯುತ್ತದೆ, ಇನ್ನೊಂದರಲ್ಲಿ ಇಂಗುತ್ತದೆ. ಯಾವುದು ಸರಿ ಎಂದು ತೀರ್ಪು ಕೊಡುವ ಅವಸರ ನಮಗೆ ಬೇಡ; ಯಾವುದು ಇಷ್ಟವಾಯಿತು, ಏಕೆ ಎಂದು ಮಗುವನ್ನೇ ಕೇಳೋಣ.